ಲಾರ್ಶ್ ಸಂಸ್ಥೆಯ ಉಗಮ: ಒಂದು ಸ್ಥಾಪನಾಕಥನದ ಪರಿಶೀಲನೆ

ಸೇವಾಸಂಸ್ಥೆಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ ಅವುಗಳ ಸ್ಥಾಪನಾಕಥನವೇ. ಸಂಸ್ಥಾಪಕನು ಹೇಳಿದುದನ್ನು ಶಿಷ್ಯರು ಬರೆದಿಡುತ್ತಾರೆ. ಬರೆದುದೇ ಮುಂದೆ ಆಧಾರವಾಗುತ್ತದೆ. ಬೌದ್ಧಿಕ ವೈಕಲ್ಯವುಳ್ಳವರಿಗಾಗಿ ಫ್ರಾನ್ಸಿನಲ್ಲಿ ಹುಟ್ಟಿದ ಲಾರ್ಶ್ ಎಂಬ ಕ್ರೈಸ್ತ ಸಂಸ್ಥೆ ಇದಕ್ಕೊಂದು ವಿಶಿಷ್ಟ ನಿದರ್ಶನ. ನೋಹನ ನಾವೆಯಿಂದ ಬಂದ ಹೆಸರದು.

ಪ್ರಚಲಿತವಾಗಿದ್ದ ಕಥೆ ಸರಳವಾದುದು. ಕೆನಡದ ಗವರ್ನರ್ ಜನರಲ್ ಆಗಿದ್ದ ಜಾರ್ಜ್ ವಾನಿಯೇ ಅವರ ಪುತ್ರ ಝಾನ್ ವಾನಿಯೇ 1950ರಲ್ಲಿ ನೌಕಾಪಡೆಯನ್ನು ತ್ಯಜಿಸಿ, ಅರಿಸ್ಟಾಟಲನ ನೀತಿಶಾಸ್ತ್ರವನ್ನು ಕುರಿತ ಪ್ರಬಂಧಕ್ಕೆ 1962ರಲ್ಲಿ ಡಾಕ್ಟರೇಟ್ ಪಡೆದರು. 1964ರ ಆಗಸ್ಟಿನಲ್ಲಿ, ಪ್ಯಾರಿಸಿನ ಉತ್ತರಕ್ಕಿರುವ ತ್ರೋಸ್ಲಿ-ಬ್ರೆಯ್ ಎಂಬ ಹಳ್ಳಿಯಲ್ಲಿ ಸಣ್ಣದೊಂದು ಮನೆಮಾಡಿ, ಆಶ್ರಯಧಾಮವೊಂದರಲ್ಲಿದ್ದ ರಫಾಯೆಲ್, ಫಿಲಿಪ್ ಎಂಬವರನ್ನು ಅಲ್ಲಿಗೆ ಕರೆತಂದರು. ರೋಗಿ, ಪರಿಚಾರಕ ಎಂಬ ಭೇದವಿಲ್ಲದೆ ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಬಾಳುವುದು ಈ ಪ್ರಯೋಗದ ತಿರುಳು. ದೊಡ್ಡ ದೊಡ್ಡ ಆಶ್ರಯಧಾಮಗಳಲ್ಲಿ ಇಂಥವರನ್ನು ಕೂಡಿಹಾಕುತ್ತಿದ್ದ ಕಾಲದಲ್ಲಿ ಇದು ಅಲ್ಪವಾದ ಸಾಧನೆಯಲ್ಲ.

ಪ್ರಯೋಗ ಬೇಗನೆ ಹಬ್ಬಿತು. 1969ರಲ್ಲಿ ಕೆನಡದ ಟೊರಾಂಟೊ ಬಳಿ ಒಂದು ಕೇಂದ್ರ. 1970ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಆಶಾನಿಕೇತನ. ಭಾರತದಲ್ಲಿ ಇದೇ ಮೊದಲನೆಯದು. ಹಿಂದೂ, ಮುಸ್ಲಿಂ, ಕ್ರೈಸ್ತರು ಒಟ್ಟಿಗೆ ವಾಸಿಸುವ ಮನೆಗೆ ಕ್ಯಾಥೊಲಿಕ್ ಹಳ್ಳಿಯ ಪ್ರಾರ್ಥನಾಕ್ರಮ ಒಗ್ಗುವಂತಿರಲಿಲ್ಲ. ಸಂಸ್ಥೆ ಮುಂದೆ ಬಹುಧರ್ಮೀಯ ಸ್ವರೂಪ ತಾಳಿದುದರಲ್ಲಿ ಬೆಂಗಳೂರಿನ ಪಾಲು ಸಣ್ಣದಲ್ಲವೆಂದು ನಮಗೆ ತೋರುತ್ತದೆ.

ಅದಂತಿರಲಿ. ಕಥನದಲ್ಲಿ ಗೌಣವಾಗಿ ಉಳಿದಿದ್ದ ವ್ಯಕ್ತಿಯೊಬ್ಬರಿದ್ದಾರೆ: ಡೊಮಿನಿಕನ್ ಪಾದ್ರಿ ತೋಮಾ ಫಿಲಿಪ್. ವಾನಿಯೇ ಅವರ ಗುರು. ವಾನಿಯೇ ನೆಲಸುವ ಮುನ್ನವೇ ತ್ರೋಸ್ಲಿಯ ಒಂದು ಆಶ್ರಯಧಾಮಕ್ಕೆ ಧರ್ಮೋಪದೇಶಕರಾಗಿ ಬಂದಿದ್ದವರು. ಸ್ತ್ರೀಯರ ಮೇಲೆ ಎಸಗಿದ ಲೈಂಗಿಕ ದುರಾಚಾರಕ್ಕಾಗಿ, ಅದಕ್ಕೆ ಹೊದಿಸಿದ್ದ ಮಿಥ್ಯಾ ಅನುಭಾವಕ್ಕಾಗಿ, 1956ರಲ್ಲಿ ರೋಮಿನ ಧರ್ಮಪೀಠ ಇವರನ್ನು ದಂಡಿಸಿತ್ತು. ಶಿಷ್ಯರೊಡನೆ ಸಂಪರ್ಕವನ್ನೂ ನಿಷೇಧಿಸಿತ್ತು. ಶಿಕ್ಷೆಯ ಕಾರಣವನ್ನು ಮಾತ್ರ ಗೋಪ್ಯವಾಗಿರಿಸಲಾಯಿತು. ಆ ಮೌನದ ಬೆಲೆಯನ್ನು ತೆತ್ತವರು ಮುಂದಿನ ತಲೆಮಾರಿನ ಸ್ತ್ರೀಯರು.

ವಾನಿಯೇ 2019ರ ಮೇ 7ರಂದು ತೀರಿಕೊಂಡರು. ಸಂಸ್ಥೆಯೇ ಮಾಡಿಸಿದ ವಿಚಾರಣೆಯ ವರದಿ 2020ರ ಫೆಬ್ರವರಿಯಲ್ಲಿ ಪ್ರಕಟವಾಗಿ, ಅವರು ಆರು ಮಂದಿ ಸ್ತ್ರೀಯರನ್ನು ಇದೇ ಬಗೆಯಲ್ಲಿ ವಂಚಿಸಿದ್ದುದು ಬೆಳಕಿಗೆ ಬಂತು. ಅನಂತರ ನಾನಾ ಶಾಸ್ತ್ರಗಳ ವಿದ್ವಾಂಸರ ಸ್ವತಂತ್ರ ಆಯೋಗವೊಂದು ಡೊಮಿನಿಕನ್ ಪಂಥದ ದಾಖಲೆಗಳನ್ನೂ ಖಾಸಗಿ ಪತ್ರಗಳನ್ನೂ ಶೋಧಿಸಿ 2023ರ ಜನವರಿಯಲ್ಲಿ ಬೃಹತ್ತಾದ ವರದಿಯನ್ನಿತ್ತಿತು. ಅದರ ಪ್ರಕಾರ ನೊಂದವರ ಸಂಖ್ಯೆ ಕಡಮೆಯೆಂದರೆ 25. ವೈಕಲ್ಯವುಳ್ಳವರು ಯಾರೂ ಅವರಲ್ಲಿದ್ದುದಾಗಿ ಕಂಡುಬರಲಿಲ್ಲ. ಚರಿತ್ರೆಕಾರನಿಗೆ ಹೆಚ್ಚು ಮುಖ್ಯವಾದುದು ಮತ್ತೊಂದು ನಿರ್ಣಯ: ಚದರಿಹೋಗಿದ್ದ ಗುರುಶಿಷ್ಯರ ಗುಂಪು ಮರಳಿ ಒಟ್ಟುಗೂಡುವ ಬಯಕೆಯೂ 1964ರ ಸ್ಥಾಪನೆಯ ಹಿಂದೆ ಇದ್ದಿತು.

ಹಾಗಾದರೆ ಸಂಸ್ಥೆಯ ಚರಿತ್ರೆಯೆಲ್ಲ ಸುಳ್ಳೇ? ನಾವು ಹಾಗೆ ಹೇಳಲಾರೆವು. ಮೂವತ್ತಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿದ ಮನೆಗಳಲ್ಲಿ ದಿನವೂ ನಡೆದ ಆರೈಕೆ, ಅದಕ್ಕೆ ಫ್ರೆಂಚ್ ಸರ್ಕಾರದಿಂದ ಬಂದ ಹಣ, ದುಡಿದ ತರುಣತರುಣಿಯರು, ಇವಾವುವೂ ಸಂಸ್ಥಾಪಕನ ಜೀವನಚರಿತ್ರೆಯ ಉಪಾಂಗಗಳಲ್ಲ. ನಾವು ಬಿಡಬೇಕಾದುದು ಚರಿತ್ರೆಯನ್ನು ಅವರ ಬಾಯಿಂದ ಕೇಳುವ ಅಭ್ಯಾಸವನ್ನು. ಮನೆಯಲ್ಲಿ ಬಾಳಿದವರ ಮಾತು ಕಾಗದದ ಮೇಲೆ ವಿರಳವಾಗಿ ಉಳಿದಿದೆ. ಉಳಿದಲ್ಲಿಯೂ ಅನ್ಯರ ಲೇಖನಿಯಿಂದಲೇ ಬಂದಿದೆ. ಒಂದು ವಿವರವನ್ನು ಗಮನಿಸಬಹುದು. 1964ರಲ್ಲಿ ಆ ಮನೆಗೆ ಬಂದವರು ವಾಸ್ತವವಾಗಿ ಮೂವರು. ಸಂಕ್ಷಿಪ್ತ ಕಥನಗಳು ಬಹುಮಟ್ಟಿಗೆ ಇಬ್ಬರನ್ನು ಮಾತ್ರ ಹೆಸರಿಸುತ್ತವೆ. ಮೂರನೆಯಾತ ಹೊಸ ಪರಿಸರಕ್ಕೆ ಹೊಂದಿಕೊಳ್ಳಲಾರದೆ, ಬಂದಷ್ಟೇ ಬೇಗ ಹಿಂದಿನ ಆಶ್ರಯಧಾಮಕ್ಕೆ ಮರಳಬೇಕಾಯಿತು.