ತಕ್ಕಡಿಗೆ ಸಿಗದ ಬೊಜ್ಜು: ಮೆಟಬೊಲೋಮಿಕ್ಸ್ ಮತ್ತು ಮೈಸೂರಿನ ಹೆರಿಗೆ ಪುಸ್ತಕಗಳು

ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಭತ್ತದ ಸೀಮೆಯಾದ ಹರಿಹರ ತಾಲ್ಲೂಕಿನ ಕೊಕ್ಕನೂರಿನಲ್ಲಾಗಲಿ, ದಾವಣಗೆರೆ ಪೇಟೆಯಲ್ಲಾಗಲಿ ಇಂಥ ಮೈಕಟ್ಟಿನವರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ತಕ್ಕಡಿಯ ಮೇಲೆ ನಿಂತರೆ ತೂಕ ಸರಿಯಾಗಿಯೇ ಇರುತ್ತದೆ. ರಕ್ತ ಕೊಟ್ಟು ಬಂದ ಮೇಲೆ ಸಕ್ಕರೆ ಕಾಯಿಲೆ ಹೊರಬೀಳುತ್ತದೆ.

ಬೊಜ್ಜನ್ನು ತೂಕದಿಂದ ಅಳೆಯುವ ರೂಢಿಗೆ ಬೆಲ್ಜಿಯಂನ ಕೆಟಲೆ 1832ರಲ್ಲಿ ಕೊಟ್ಟ ಸೂತ್ರ ತಳಹದಿ. 1972ರಲ್ಲಿ ಆನ್ಸೆಲ್ ಕೀಸ್ ಅದಕ್ಕೆ ಬಿಎಂಐ ಎಂದು ಹೆಸರಿಟ್ಟರು. ದೇಹದ ರಸಗಳಲ್ಲಿ ಒಳಗಿನ ಸ್ಥಿತಿಯನ್ನು ಓದುವ ಕ್ರಮ ಇದಕ್ಕಿಂತ ಬಹಳ ಹಳೆಯದು. ಮಧುಮೇಹಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಆಯುರ್ವೇದ ಗಮನಿಸಿತ್ತು. ಒಂದು ಹನಿ ರಕ್ತದ ನೂರಾರು ಸಣ್ಣ ಅಣುಗಳನ್ನು ಒಟ್ಟಿಗೆ ಅಳೆಯುವ ಇಂದಿನ ಮೆಟಬೊಲೋಮಿಕ್ಸ್ ಆ ಇರುವೆಯ ಸಂತಾನ ಎಂದರೆ ತೀರಾ ತಮಾಷೆಯಲ್ಲ.

1969ರಲ್ಲಿ ಫೆಲಿಗ್, ಮಾರ್ಲಿಸ್, ಕಾಹಿಲ್ ಎಂಬ ಅಮೆರಿಕದ ವೈದ್ಯರು ಬೊಜ್ಜಿನವರ ರಕ್ತದಲ್ಲಿ ಕೆಲವು ಅಮೈನೊ ಆಮ್ಲಗಳು ಹೆಚ್ಚಿರುವುದನ್ನು ಕಂಡರು. ಆ ಮಾತು ನಲವತ್ತು ವರ್ಷ ಮೂಲೆಯಲ್ಲಿತ್ತು. 1998ರಲ್ಲಿ ‘ಮೆಟಬೊಲೋಮ್’ ಎಂಬ ಪದ ಹುಟ್ಟಿತು, ಮಾಸ್ ಸ್ಪೆಕ್ಟ್ರೋಮೀಟರ್‌ಗಳು ಸೂಕ್ಷ್ಮವಾದವು. 2009ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ನ್ಯೂಗಾರ್ಡ್ ತಂಡ ಆ ಅಮೈನೊ ಆಮ್ಲಗಳಲ್ಲಿ ಕವಲು ಸರಪಳಿಯವನ್ನು ಬೊಜ್ಜಿನ ಗುರುತಾಗಿ ಮತ್ತೆ ಎತ್ತಿ ತೋರಿಸಿತು. ಐದು ಅಮೈನೊ ಆಮ್ಲಗಳ ಏರಿಕೆ ಸಕ್ಕರೆ ಕಾಯಿಲೆಯನ್ನು 12 ವರ್ಷ ಮುಂಚೆಯೇ ಸೂಚಿಸಬಲ್ಲದೆಂದು 2011ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದ ರಕ್ತದ ಮಾದರಿಗಳು ಹೇಳಿದವು.

ಇವೆಲ್ಲ ಹೆಚ್ಚಾಗಿ ಬಿಳಿಯರ ರಕ್ತ. ನಮ್ಮ ಮೈ ಬೇರೆಯೆಂಬುದಕ್ಕೆ ಪುಣೆಯ ಡಾ. ಯಾಜ್ಞಿಕ್ ತಮ್ಮನ್ನೇ ಸಾಕ್ಷಿಯಾಗಿ ನಿಲ್ಲಿಸಿದರು. 2004ರ ‘ಲ್ಯಾನ್ಸೆಟ್’ನಲ್ಲಿ ಅವರೂ ಲಂಡನ್ನಿನ ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತ ಚಿತ್ರವಿದೆ. ಇಬ್ಬರ ಬಿಎಂಐ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2.

ಇಂಥ ಮೈ ಯಾವಾಗಿನಿಂದ ಹೀಗಿದೆ? ಈ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, ಒಂದು ನಿಧಿಯನ್ನೇ ಕೊಟ್ಟಿತು. ಅಲ್ಲಿ 1934ರಿಂದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ಹೆರಿಗೆ ಪುಸ್ತಕಗಳು ಉಳಿದಿದ್ದವು. ಅಲ್ಲಿ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು ಕಂಡಿತು. ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ತಿರುಗಿಬಿತ್ತು: ಅದು ಹೆಚ್ಚಿದ್ದುದು ಗಿಡ್ಡಗೆ, ದುಂಡಗೆ ಹುಟ್ಟಿದವರಲ್ಲಿ, ತೂಕದ ತಾಯಂದಿರ ಮಕ್ಕಳಲ್ಲಿ. 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನೇ ಸೇರಿಸಿಕೊಂಡು ಪಾರ್ಥೆನಾನ್ ಅಧ್ಯಯನ ಶುರುವಾಯಿತು; ಡಾ. ಕೃಷ್ಣವೇಣಿ, ಕೆರೊಲಿನ್ ಫಾಲ್ ಅದರ ಮುಂಚೂಣಿಯಲ್ಲಿದ್ದರು. ಬ್ರಿಟನ್ನಿನ ಕೂಸುಗಳಿಗಿಂತ ಮೈಸೂರಿನ ಕೂಸು ತೂಕದಲ್ಲೂ ಮಾಂಸಖಂಡದಲ್ಲೂ ಕಡಿಮೆ; ಬೆನ್ನ ಮೇಲಿನ ಕೊಬ್ಬು ಮಾತ್ರ ಅಷ್ಟಾಗಿ ಸೊರಗಿರಲಿಲ್ಲ. ತಾಯಂದಿರಲ್ಲಿ ಶೇ 43 ಮಂದಿಗೆ ಬಿ12 ಕೊರತೆ. ಅಂಥವರಲ್ಲೇ ಕೊಬ್ಬೂ ಹೆಚ್ಚು, ಗರ್ಭಿಣಿಯರ ಸಕ್ಕರೆ ಕಾಯಿಲೆಯೂ ಹೆಚ್ಚು.

ಎರಡು ಎಳೆಗಳು ಕೂಡುವುದು ಇಲ್ಲಿಯೇ ಎಂದು ನನ್ನ ಎಣಿಕೆ. ನ್ಯೂಗಾರ್ಡ್ ತಂಡ ಎತ್ತಿ ತೋರಿದ ಅಮೈನೊ ಆಮ್ಲಗಳಲ್ಲಿ ವ್ಯಾಲಿನ್, ಐಸೊಲ್ಯೂಸಿನ್ ಎರಡೂ ದೇಹದಲ್ಲಿ ಪೂರ್ತಿ ಕರಗಲು ಬಿ12 ಬೇಕೇ ಬೇಕು. ಅದು ಸಾಲದಿದ್ದರೆ ನಡುದಾರಿಯಲ್ಲಿ ಮೀಥೈಲ್‌ಮೆಲೋನಿಕ್ ಆಮ್ಲ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಅಮೆರಿಕದ ಮಾಂಸದೂಟದವರ ರಕ್ತದಲ್ಲಿ ಒಂದು ಅರ್ಥ ಕೊಡುವ ಅಂಕಿ ಅನ್ನ–ಸಾರಿನವರ ರಕ್ತದಲ್ಲಿ ಬೇರೆಯದೇ ಅರ್ಥ ಕೊಡಬಹುದು. ಗುರುತು ಕಾರಣವಲ್ಲ. ಯಂತ್ರ ಅಣುಗಳನ್ನು ಎಣಿಸುತ್ತದೆ; ಅವು ಯಾಕೆ ಹೆಚ್ಚಿದವೆಂದು ತಿಳಿಯಲು ಆ ಮನುಷ್ಯನ ಊಟ, ಹುಟ್ಟು, ತಾಯಿಯ ಚರಿತ್ರೆ ಬೇಕು.

ಯಂತ್ರವನ್ನು ದುಡ್ಡು ಕೊಟ್ಟು ತರಬಹುದು, 1934ರ ತೂಕವನ್ನು ತರಲಾಗದು. ದಾವಣಗೆರೆ, ಹರಿಹರದ ಹಳೆಯ ಹೆರಿಗೆ ಆಸ್ಪತ್ರೆಗಳ ಕಪಾಟಿನಲ್ಲಿ ಇಂಥ ಪುಸ್ತಕಗಳಿದ್ದರೆ, ದಯವಿಟ್ಟು ರದ್ದಿಗೆ ಹಾಕಬೇಡಿ.