ರೈಸ್ ಕುಟುಂಬ ಮತ್ತು ಮನೆಯ ಕನ್ನಡ

ಬೆಂಗಳೂರು ದಂಡುಪ್ರದೇಶದ ಕ್ರೈಸ್ತ ಬದುಕೆಂದೊಡನೆ ಸಂಶೋಧಕರ ಗಮನ ರಸೆಲ್ ಮಾರುಕಟ್ಟೆಯ ಬಳಿಯ ಸಂತ ಮೇರಿ ಚರ್ಚಿನತ್ತ, ಅದರ ಸೆಪ್ಟೆಂಬರ್ ತೇರು ಹಾಗೂ ತಮಿಳು ಪ್ರಾರ್ಥನೆಗಳತ್ತ ಹರಿಯುತ್ತದೆ. 1927ರ ಆ ಮಾರುಕಟ್ಟೆಗೂ 1882ರ ಆ ಕಟ್ಟಡಕ್ಕೂ ಮುಂಚೆಯೇ, ಪಕ್ಕದ ಪೇಟೆಯ ಕನ್ನಡವನ್ನು ದಿನದ ದುಡಿಮೆಯಾಗಿಸಿಕೊಂಡ ಮಿಷನರಿ ಕುಟುಂಬವೊಂದು ಈ ಊರಿನಲ್ಲಿತ್ತು.

ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಬೆಂಗಳೂರಿಗೆ ಬಂದದ್ದು 1837ರಲ್ಲಿ. ಅದೇ ವರ್ಷ ಮಗ ಲೂಯಿಸ್ ಇಲ್ಲಿಯೇ ಜನಿಸಿದರು. ತಂದೆಗೆ ಬೋಧನೆ, ಶಾಲೆ, ಕನ್ನಡ ಬೈಬಲಿನ ಪರಿಷ್ಕರಣೆಯ ಕೆಲಸ. ತಾಯಿ ಜೇನ್ ರೈಸ್ 1842ರಲ್ಲಿ ಜೇನ್ ಸಿವೆಲ್ ಅವರೊಡಗೂಡಿ ಪೇಟೆಯಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ತೆರೆದರು. ಹೆಣ್ಣು ಅಕ್ಷರ ಕಲಿಯುವುದನ್ನೇ ಮನೆತನಗಳು ಶಂಕಿಸುತ್ತಿದ್ದ ಕಾಲವದು. ಬೋಧನೆಗಿಂತ ಇದು ಸುಲಭದ ಕೆಲಸವಾಗಿರಲಿಲ್ಲ.

ಮಿಷನರಿ ಮನೆಯ ದೊಡ್ಡ ಸಂಕಟ ಮಕ್ಕಳ ಅಗಲಿಕೆ. ಓದಿಗಾಗಿ ಅವರನ್ನು ಇಂಗ್ಲೆಂಡಿಗೆ ಕಳುಹಿಸಬೇಕಿತ್ತು. ಹಡಗಿನ ದಾರಿಯೇ ತಿಂಗಳುಗಟ್ಟಲೆ. ಲೂಯಿಸ್ ಮರಳಿದ್ದು 1860ರಲ್ಲಿ, ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ. ಮುಂದೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಸಾವಿರಾರು ಶಾಸನಗಳನ್ನು ಬೆಳಕಿಗೆ ತಂದರು. ತಮ್ಮ ಎಡ್ವರ್ಡ್ ಕನ್ನಡ ಸಾಹಿತ್ಯ ಚರಿತ್ರೆ ಬರೆದರು. ಈ ಆಸಕ್ತಿಯನ್ನು ಪಾಂಡಿತ್ಯದ ಲೆಕ್ಕಕ್ಕೆ ಮಾತ್ರ ಸೇರಿಸುವುದು ಸರಿಯಲ್ಲವೆಂದು ಜಾನಪದದ ವಿದ್ಯಾರ್ಥಿಯಾಗಿ ನನಗನಿಸುತ್ತದೆ. ಇಂಥ ಮನೆಗಳಲ್ಲಿ ಮಕ್ಕಳ ಕಿವಿಗೆ ಮೊದಲು ಬೀಳುತ್ತಿದ್ದುದು ಆಯಾ, ಅಡುಗೆಯವರ ಮಾತು. ಮಿಷನ್ ವರದಿಗಳಾದರೋ ದೀಕ್ಷಾಸ್ನಾನಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ಆ ಹೆಸರುಗಳನ್ನು ಬರೆದಿಡಲಿಲ್ಲ.

ಬೆಂಜಮಿನ್ 1887ರಲ್ಲಿ ತೀರಿಕೊಂಡರು. ಅವೆನ್ಯೂ ರಸ್ತೆಯ ಚರ್ಚು ಅವರ ಹೆಸರನ್ನು ಹೊತ್ತಿದೆ. ಜೇನ್ ಅವರ ಶಾಲೆಯ ಪರಂಪರೆ ಮಿಷನ್ ರಸ್ತೆಯ ಮಿತ್ರಾಲಯದಲ್ಲಿ ಮುಂದುವರಿಯಿತು.