ಉಳಿತಾಯದ ಬಿಲ್ಲು ಯಾರ ಹೆಸರಿಗೆ?

1981ರ ಜುಲೈ 1. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಒಂದೊಂದು ಪತ್ರ ಹೊರಟಿತು. ಬರೆದದ್ದು ಅಲ್ಲಿನ ಯುನಿವರ್ಸಿಟಿ ಗ್ರಾಂಟ್ಸ್ ಕಮಿಟಿ (ದೆಹಲಿಯಲ್ಲಿರುವ ನಮ್ಮ ಯುಜಿಸಿಗೆ ಮಾದರಿಯಾದದ್ದು ಇದೇ ಸಮಿತಿ). ಪತ್ರದ ಸಾರ ಇಷ್ಟೇ: ಸರ್ಕಾರ ಖರ್ಚು ಕಡಿಮೆ ಮಾಡುತ್ತಿದೆ, ಮುಂದಿನ ಮೂರು ವರ್ಷಗಳಲ್ಲಿ ನಿಮ್ಮ ಅನುದಾನ ಇಷ್ಟಕ್ಕೆ ಇಳಿಯುತ್ತದೆ, ಇಷ್ಟಕ್ಕಿಂತ ಹೆಚ್ಚು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಡಿ.

ಸರಾಸರಿ ಕಡಿತ ಶೇ. 17ರ ಆಸುಪಾಸು. ಆದರೆ ಸರಾಸರಿ ಅನ್ನೋದು ಎಷ್ಟು ಸಂಗತಿಗಳನ್ನು ಮುಚ್ಚಿಡುತ್ತದೆ ನೋಡಿ. ಯಾರ್ಕ್, ಬಾತ್‌ನಂಥ ಕಡೆ ಕಡಿತ ಒಂದಂಕಿಯಲ್ಲೇ ನಿಂತಿತು. ಬ್ರಾಡ್‌ಫರ್ಡ್, ಕೀಲ್ ವಿಶ್ವವಿದ್ಯಾಲಯಗಳು ಸುಮಾರು ಮೂರನೇ ಒಂದು ಪಾಲು ಕಳೆದುಕೊಂಡವು. ಮ್ಯಾಂಚೆಸ್ಟರಿಗೆ ಅಂಟಿಕೊಂಡಿರುವ ಸಾಲ್‌ಫರ್ಡ್‌ಗೆ ಬಿದ್ದದ್ದು ಶೇ. 44!

ಇಂಜಿನಿಯರಿಂಗ್ ಓದಿದವನಾದ್ದರಿಂದ ನನ್ನ ಕಣ್ಣು ನಿಂತದ್ದು ಸಾಲ್‌ಫರ್ಡ್ ಮೇಲೆ. ಅದು 1896ರಲ್ಲಿ ಶುರುವಾದ ತಾಂತ್ರಿಕ ಶಾಲೆ. ಕಾರ್ಖಾನೆಗಳ ಊರಿನಲ್ಲಿ ಕೆಲಸಕ್ಕೆ ಬೇಕಾದ ವಿದ್ಯೆ ಕಲಿಸುತ್ತಾ ಬೆಳೆದು 1967ರಲ್ಲಿ ವಿಶ್ವವಿದ್ಯಾಲಯವಾಯಿತು. ಅಲ್ಲಿ ಓದಿದವರಿಗೆ ಬೇಗ ಕೆಲಸ ಸಿಗುತ್ತದೆ ಅನ್ನುವ ಹೆಸರೂ ಇತ್ತು. ಉದ್ಯಮಕ್ಕೆ ಉಪಯೋಗವಾಗುವ ಶಿಕ್ಷಣ ಬೇಕು ಅಂತ ಮಾತಾಡುತ್ತಿದ್ದ ಸರ್ಕಾರದ ಕಾಲದಲ್ಲೇ ಅದಕ್ಕೆ ದೊಡ್ಡ ಪೆಟ್ಟು ಬಿತ್ತು. ಯಾಕೆ? ಹೊಸ ವಿದ್ಯಾರ್ಥಿಗಳು ಶಾಲೆಯ ಕೊನೆಯ ಪರೀಕ್ಷೆಯಲ್ಲಿ, ಅಂದರೆ ಎ-ಲೆವೆಲ್‌ನಲ್ಲಿ, ಎಷ್ಟು ಅಂಕ ತಂದಿದ್ದಾರೆ ಅನ್ನುವುದೂ ಅಳತೆಗೋಲುಗಳಲ್ಲಿ ಒಂದಾಗಿತ್ತು ಎಂಬ ಟೀಕೆ ಆಗಲೇ ಬಂತು. ಒಳಗೆ ಬಂದವರ ಅಂಕ ಎಣಿಸಿದರು, ಹೊರಗೆ ಹೋದವರಿಗೆ ಕೆಲಸ ಸಿಕ್ಕಿತೇ ಅಂತ ನೋಡಲಿಲ್ಲ ಎಂಬುದು ಆ ಟೀಕೆ.

ಈಗ ನನ್ನ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಸರ್ಕಾರ ಉಳಿಸಿದ ಆ ಹಣದ ಭಾರ ಯಾರ ಮೇಲೆ ಬಿತ್ತು?

ಮೊದಲನೆಯದಾಗಿ, ಒಳಗೆ ಬರಲಾಗದ ಹುಡುಗ ಹುಡುಗಿಯರ ಮೇಲೆ. ಬ್ರಿಟನ್ನಿನಲ್ಲಿ ಯುದ್ಧಾನಂತರದ ಜನನಗಳು ತುತ್ತತುದಿ ಮುಟ್ಟಿದ್ದು 1964ರಲ್ಲಿ. ಆ ವರ್ಷ ಹುಟ್ಟಿದವರಿಗೆ 18 ತುಂಬಿದ್ದು 1982ರಲ್ಲಿ. ಅಂದರೆ ಬಾಗಿಲಲ್ಲಿ ಅತಿ ದೊಡ್ಡ ಸಾಲು ನಿಂತ ಹೊತ್ತಿಗೇ ಸೀಟು ಕಡಿಮೆಯಾದವು. ಆಗ ಅಲ್ಲಿನ ವಿದ್ಯಾರ್ಥಿಗಳಿಗೆ ಪದವಿ ಓದು ಪುಕ್ಕಟೆ. ಶುಲ್ಕವನ್ನು ಸ್ಥಳೀಯ ಆಡಳಿತ ಕಟ್ಟುತ್ತಿತ್ತು, ಮನೆಯ ಆದಾಯ ನೋಡಿ ಊಟ ವಸತಿಗೂ ಹಣ ಸಿಗುತ್ತಿತ್ತು. ಹಾಗಾಗಿ ದುಡ್ಡು ಕೊಟ್ಟು ಸೀಟು ಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಸೀಟಿಲ್ಲ ಅಂದರೆ ಇಲ್ಲ, ಅಷ್ಟೇ.

ಅವರೆಲ್ಲ ಓದು ಬಿಟ್ಟರಾ? ಇಲ್ಲ. ಬಹಳಷ್ಟು ಜನ ಪಾಲಿಟೆಕ್ನಿಕ್‌ಗಳ ಕಡೆ ತಿರುಗಿದರು. (ನಮ್ಮ ಡಿಪ್ಲೊಮಾ ಪಾಲಿಟೆಕ್ನಿಕ್ ಅಲ್ಲ. ಅಲ್ಲಿನವು ಪದವಿಯನ್ನೂ ಕಲಿಸುತ್ತಿದ್ದ ಕಾಲೇಜುಗಳು, ಸ್ಥಳೀಯ ಆಡಳಿತದ ಕೈಕೆಳಗೆ ಇದ್ದವು.) ಗ್ರಾಂಟ್ಸ್ ಕಮಿಟಿಯ ಮಿತಿ ಅವಕ್ಕೆ ಅನ್ವಯಿಸುತ್ತಿರಲಿಲ್ಲ, ಆದ್ದರಿಂದ ಅವು ಸೇರಿಸಿಕೊಳ್ಳುತ್ತಾ ಹೋದವು. ಆದರೆ ಬಂದವರಿಗೆ ತಕ್ಕಷ್ಟು ಹಣ ಬರಲಿಲ್ಲ. ಕ್ಲಾಸು ದೊಡ್ಡದಾಯಿತು, ಒಬ್ಬೊಬ್ಬ ವಿದ್ಯಾರ್ಥಿಗೆ ಸಿಗುವ ಮೇಷ್ಟರ ಸಮಯ ಚಿಕ್ಕದಾಯಿತು. ವಿಶ್ವವಿದ್ಯಾಲಯಗಳ ಲೆಕ್ಕಪುಸ್ತಕದಲ್ಲಿ ಉಳಿತಾಯ ಅಂತ ಕಂಡದ್ದು ಇನ್ನೊಂದು ಕಡೆ ಕಿಕ್ಕಿರಿದ ಕೋಣೆಯಾಗಿತ್ತು.

ಎರಡನೆಯದಾಗಿ, ಆಗಲೇ ಒಳಗಿದ್ದವರ ಮೇಲೆ. ವಿಶ್ವವಿದ್ಯಾಲಯದ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳದ್ದು. ಖಾಯಂ ಮೇಷ್ಟರನ್ನು ತೆಗೆಯುವುದು ಸುಲಭವಿರಲಿಲ್ಲ. ಹಾಗಾಗಿ ಪರಿಹಾರ ಕೊಟ್ಟು ಅವಧಿಗೆ ಮುಂಚೆ ನಿವೃತ್ತಿ ಮಾಡಿಸುವ ದಾರಿ ಹಿಡಿದರು. ಇಂಥ ಯೋಜನೆಗೆ ಒಂದು ವಿಚಿತ್ರ ಗುಣವಿದೆ. ಯಾವ ವಿಭಾಗ ಬೇಡವೋ ಅಲ್ಲಿಂದಲೇ ಜನ ಹೋಗುತ್ತಾರೆ ಅಂತೇನಿಲ್ಲ. ಹೋಗಲು ಸಿದ್ಧರಿದ್ದವರು, ಹೊರಗೆ ಬೇರೆ ಅವಕಾಶ ಇದ್ದವರು ಹೋಗುತ್ತಾರೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಂಥದ್ದನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ವಿದ್ಯಾರ್ಥಿಯನ್ನು ಯಾರೂ ಬೀದಿಗೆ ತಳ್ಳುವುದಿಲ್ಲ, ಡಿಗ್ರಿ ಮುಗಿಸಲು ಬಿಡುತ್ತಾರೆ. ಆದರೆ ಮೂರನೇ ವರ್ಷ ತೆಗೆದುಕೊಳ್ಳಬೇಕು ಅಂತಿದ್ದ ಐಚ್ಛಿಕ ವಿಷಯ ಇರುವುದಿಲ್ಲ, ಪ್ರಾಜೆಕ್ಟ್ ಗೈಡ್ ಇರುವುದಿಲ್ಲ. ಅವನ ಅಂಕಪಟ್ಟಿಯಲ್ಲಿ ಇದು ಎಲ್ಲೂ ಕಾಣುವುದಿಲ್ಲ.

ತಮಾಷೆ ಅಂದರೆ, ಅನುಭವಸ್ಥರನ್ನು ದುಡ್ಡು ಕೊಟ್ಟು ಕಳಿಸಿ ಒಂದೆರಡು ವರ್ಷ ಆಗುವುದರೊಳಗೆ ಎಳೆಯರೇ ಇಲ್ಲ ಅನ್ನುವ ಆತಂಕ ಶುರುವಾಯಿತು. ಆಗ 'ನ್ಯೂ ಬ್ಲಡ್' ಅಂತ ಹೆಸರಿಟ್ಟು ಯುವ ಅಧ್ಯಾಪಕರನ್ನು ತುಂಬಲು ಅದೇ ಸರ್ಕಾರ ಮತ್ತೆ ಹಣ ಕೊಟ್ಟಿತು!

ಹಾಗಂತ ಕಡಿತವನ್ನು ಒಪ್ಪದೆ ಸುಮ್ಮನೆ ಕೂತಿದ್ದರೆ ಆಗುತ್ತಿತ್ತೇ? ಅದಕ್ಕೂ ಒಂದು ಉದಾಹರಣೆ ಇದೆ. ಸಾಲ್‌ಫರ್ಡ್‌ನಲ್ಲಿ 1981ರಲ್ಲೇ ಕುಲಪತಿಯಾಗಿ ಬಂದ ಜಾನ್ ಆಶ್‌ವರ್ತ್ ಉದ್ಯಮಗಳ ಜತೆ ಒಪ್ಪಂದ ಮಾಡಿಕೊಂಡು, ಹೊರಗಿನ ಆದಾಯ ಹುಡುಕಿ ಸಂಸ್ಥೆಯನ್ನು ಉಳಿಸಿಕೊಂಡರು. ವೇಲ್ಸ್‌ನ ಯುನಿವರ್ಸಿಟಿ ಕಾಲೇಜ್ ಕಾರ್ಡಿಫ್ ಇನ್ನೊಂದು ದಾರಿ ಹಿಡಿಯಿತು. ಅದರ ಪ್ರಿನ್ಸಿಪಾಲ್ ಬಿಲ್ ಬೆವನ್ ಕಡಿತಕ್ಕೆ ಬಗ್ಗಲಿಲ್ಲ. ಸಾಲ ಏರಿತು. 1987ರ ಹೊತ್ತಿಗೆ ಕಾಲೇಜು ದಿವಾಳಿಯ ಅಂಚಿಗೆ ಬಂತು, 1988ರಲ್ಲಿ ಪಕ್ಕದ ತಾಂತ್ರಿಕ ಸಂಸ್ಥೆಯ ಜತೆ ಅದನ್ನು ವಿಲೀನ ಮಾಡಬೇಕಾಯಿತು. ಬೆವನ್ ಅವರದ್ದು ಛಲವೋ ಮೊಂಡುತನವೋ, ನನಗೆ ಇವತ್ತಿಗೂ ತೀರ್ಮಾನಿಸಲು ಆಗಿಲ್ಲ. ಬಗ್ಗಿದವರ ವಿದ್ಯಾರ್ಥಿಗಳು ಮೊದಲೇ ಬೆಲೆ ತೆತ್ತರು, ಬಗ್ಗದವರ ವಿದ್ಯಾರ್ಥಿಗಳು ಆರು ವರ್ಷ ತಡವಾಗಿ ತೆತ್ತರು.

ಮೂರನೆಯ ಗುಂಪೊಂದಿದೆ, ಅದು ನಮಗೆ ಹತ್ತಿರದ್ದು. ಜುಲೈ ಪತ್ರಕ್ಕೂ ಮೊದಲೇ, 1980ರ ಶೈಕ್ಷಣಿಕ ವರ್ಷದಿಂದ, ಹೊಸದಾಗಿ ಬರುವ ವಿದೇಶಿ ವಿದ್ಯಾರ್ಥಿಗಳು ಓದಿನ ಪೂರ್ತಿ ವೆಚ್ಚ ತಾವೇ ಕಟ್ಟಬೇಕು ಅನ್ನುವ ನಿಯಮ ಬಂದಿತ್ತು. ಅಲ್ಲಿಯವರೆಗೆ ಅವರ ಓದಿಗೂ ಸರ್ಕಾರದ ಸಹಾಯಧನ ಇರುತ್ತಿತ್ತು. ಸಾವಿರಾರು ವಿದ್ಯಾರ್ಥಿಗಳನ್ನು ಕಳಿಸುತ್ತಿದ್ದ ಮಲೇಷ್ಯಾ ಎಷ್ಟು ಸಿಟ್ಟಾಯಿತೆಂದರೆ, 1981ರಲ್ಲಿ ಪ್ರಧಾನಿ ಮಹಾತಿರ್ 'ಬ್ರಿಟಿಷ್ ಮಾಲು ಕೊನೆಗೆ ಕೊಳ್ಳಿ' ಅನ್ನುವ ನೀತಿಯನ್ನೇ ತಂದರು. ಅದಕ್ಕಿದ್ದ ಕಾರಣಗಳಲ್ಲಿ ಈ ಶುಲ್ಕವೂ ಒಂದು. ಉಳಿತಾಯಕ್ಕೆ ಅಂತ ಮಾಡಿದ ಈ ಬದಲಾವಣೆ ಕ್ರಮೇಣ ಆದಾಯದ ದಾರಿಯಾಯಿತು.

ಆಮೇಲಿನದು ಗೊತ್ತಿರುವ ಕತೆ. 1992ರಲ್ಲಿ ಪಾಲಿಟೆಕ್ನಿಕ್‌ಗಳೂ ವಿಶ್ವವಿದ್ಯಾಲಯಗಳಾದವು. ಇಪ್ಪತ್ತು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಯ ಮೇಲೆ ಸರ್ಕಾರ ಮಾಡುವ ಖರ್ಚು ಶೇ. 40ರಷ್ಟು ಕುಸಿದಿದೆ ಅಂತ 1997ರ ಡಿಯರಿಂಗ್ ವರದಿ ಲೆಕ್ಕ ಕೊಟ್ಟಿತು. ಆ ಕೊರತೆ ತುಂಬಲು 1998ರಲ್ಲಿ ವರ್ಷಕ್ಕೆ 1000 ಪೌಂಡ್ ಶುಲ್ಕ ಬಂತು. ಇಂಗ್ಲೆಂಡಿನಲ್ಲಿ ಅದರ ಮಿತಿ 2006ರಲ್ಲಿ 3000, 2012ರಲ್ಲಿ 9000, 2025ರಲ್ಲಿ 9535 ಪೌಂಡ್. ಅಲ್ಲಿನ ಹುಡುಗರು ಈಗ ಸಾಲದೊಂದಿಗೆ ಪದವೀಧರರಾಗುತ್ತಾರೆ. ಅಷ್ಟಾದರೂ ಸಾಲದು ಅಂತ ವಿಶ್ವವಿದ್ಯಾಲಯಗಳು ಎರಡು ಮೂರು ಪಟ್ಟು ಶುಲ್ಕ ಕಟ್ಟುವ ವಿದೇಶಿ ವಿದ್ಯಾರ್ಥಿಗಳ ಮೇಲೆ ನಿಂತಿವೆ. ಅವರಲ್ಲಿ ಭಾರತೀಯರದ್ದು ದೊಡ್ಡ ಪಾಲು. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಮನೆಪತ್ರ ಅಡ ಇಟ್ಟು ತೆಗೆದ ಎಜುಕೇಶನ್ ಲೋನ್ ಅಲ್ಲಿನ ಅನುದಾನದ ತೂತು ಮುಚ್ಚುತ್ತಿದೆ.

2024ರ ಜನವರಿಯಿಂದ ಹೆಚ್ಚಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಸಂಸಾರ ಕರೆದೊಯ್ಯುವಂತಿಲ್ಲ ಅನ್ನುವ ವೀಸಾ ನಿಯಮ ಬಂದು ವಿದೇಶಿಯರ ಸಂಖ್ಯೆ ಇಳಿಯಿತು. ಕೂಡಲೇ ಲೆಕ್ಕ ತಪ್ಪಿತು. 2025ರ ಜನವರಿಯಲ್ಲಿ 400 ಹುದ್ದೆ ಕಡಿತ ಮಾಡಿ, ನರ್ಸಿಂಗ್, ಸಂಗೀತ, ಆಧುನಿಕ ಭಾಷೆಗಳ ಓದನ್ನು ನಿಲ್ಲಿಸುವ ಪ್ರಸ್ತಾಪ ಹೊರಡಿಸಿದ್ದು ಯಾವ ವಿಶ್ವವಿದ್ಯಾಲಯ ಅಂತೀರಿ? ಕಾರ್ಡಿಫ್! ಪ್ರತಿಭಟನೆಯ ನಂತರ ನರ್ಸಿಂಗ್ ಸೇರಿದಂತೆ ಕೆಲವು ಉಳಿದವು.

ಯಾವ ಸಂಸ್ಥೆಗೂ ಬೊಕ್ಕಸ ಬತ್ತದ ಬಾವಿ ಅಲ್ಲ, ಒಪ್ಪುತ್ತೇನೆ. ಆದರೆ ಕಡಿತ ಮಾಡುವವರು ಎಷ್ಟು ಉಳಿಯಿತು ಅಂತ ಮಾತ್ರ ಹೇಳುತ್ತಾರೆ, ಯಾರಿಂದ ಉಳಿಯಿತು ಅಂತ ಹೇಳುವುದಿಲ್ಲ. ನನ್ನ ಜತೆಗಾರರಲ್ಲೂ ಬ್ರಿಟನ್ನಿಗೆ ಓದಲು ಹೊರಟವರಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟು: ರ‍್ಯಾಂಕಿಂಗ್ ಪಟ್ಟಿ ನೋಡಿದ ಮೇಲೆ ಇನ್ನೆರಡು ಪ್ರಶ್ನೆ ಕೇಳಿ. ಈ ವಿಭಾಗದಿಂದ ಕಳೆದ ಎರಡು ವರ್ಷಗಳಲ್ಲಿ ಎಷ್ಟು ಜನ ಮೇಷ್ಟರು ಹೋದರು? ನಡುವೆ ಕೋರ್ಸ್ ಮುಚ್ಚಿದರೆ ನನ್ನನ್ನು ಮುಗಿಸಿ ಕಳಿಸುವ ಹೊಣೆ ಯಾರದು? ಉತ್ತರ ಬರೆದು ಕೊಟ್ಟರೆ ಮಾತ್ರ ಬ್ಯಾಂಕಿಗೆ ಹೋಗಿ ಸಹಿ ಹಾಕಿ.